ಹೊಸ್ತಿಲಲ್ಲಿ ನಿಂತ ಮಗ

"ಕೈ ಎತ್ತು," ಎಂದು ಅಪ್ಪ ರಜೆಗೆ ಬಂದ ಮಗನನ್ನು ಹೊಸ್ತಿಲಲ್ಲೇ ನಿಲ್ಲಿಸಿದ.

ಸೈನಿಕ ಮಗ ನಕ್ಕ. "ಅಪ್ಪಾ, ಇದು ಕ್ಲಬ್ ಅಲ್ಲ, ನಮ್ಮನೆ."

"ಹೆತ್ತ ಮಗನ್ನೂ ತಡಕ್ತೀರಲ್ರೀ. ಹಸ್ಕೊಂಡು ಬಂದಿದಾನೆ, ಒಳಗೆ ಬಿಡಿ," ಎಂದಳು ಅಮ್ಮ.

ಡಾನ್ಸ್ ಕ್ಲಬ್ಬಿನ ಬಾಗಿಲು ಕಾಯುವ ಅಪ್ಪ, ನೊಣವನ್ನೂ ತಡಕಿಯೇ ಒಳಗೆ ಬಿಡುವವನೆಂದು ಹೆಸರಾದವನು. ಕಳೆದ ವಾರ ಮಾತ್ರ, ರಜೆಯಲ್ಲಿದ್ದ ಸೈನಿಕನೊಬ್ಬ ಗುರುತಿನ ಚೀಟಿ ತೋರಿಸಿದಾಗ, "ನನ್ನ ಮಗನೂ ಮಿಲಿಟರಿಯಲ್ಲೇ ಇದಾನಪ್ಪ" ಎಂದು ಬೆನ್ನು ತಟ್ಟಿ ಹಾಗೇ ಬಿಟ್ಟಿದ್ದ. ಆ ಸೈನಿಕ ಒಳಗೆ ಪಿಸ್ತೂಲು ತೆಗೆದು ನಾಲ್ವರನ್ನು ಕೊಂದ.

ಮಗ ಅಪ್ಪನ ಮುಖ ನೋಡಿದ. ಚೀಲ ಕೆಳಗಿಟ್ಟು ಕೈ ಎತ್ತಿದ. ಅಪ್ಪ ಕಂಕುಳು, ಸೊಂಟ, ಕಾಲು ಎಲ್ಲ ತಡಕಿದ. ಏನೂ ಸಿಗಲಿಲ್ಲ. ಮತ್ತೆ ಕಂಕುಳಿನಿಂದ ಶುರು ಮಾಡಿದ.