ಮೊದಲ ಬಟ್ಟಲು

ಬಡಾವಣೆಯ ಸಮುದಾಯ ಭವನದಲ್ಲಿ ‘ಸುತ್ತಲಿನ ಸೊಪ್ಪು ತಿನ್ನಿ, ಒಂದಗುಳನ್ನೂ ಚೆಲ್ಲಬೇಡಿ’ ಎಂಬ ಬ್ಯಾನರ್ ಕಟ್ಟಿದ್ದರು. ದೀಪ ಹಚ್ಚುವ ಬದಲು ಸಂಘದ ಕಾರ್ಯದರ್ಶಿ ಬೆರಕೆ ಸೊಪ್ಪಿನ ಸಾರನ್ನು ಮೊದಲ ಬಟ್ಟಲಿಗೆ ಹಾಕಿಸಿಕೊಂಡು, ಫೋಟೊ ತೆಗೆಯುವವರೆಗೂ ಕಾದು, ಗಟಗಟನೆ ಕುಡಿದು ಉದ್ಘಾಟನೆ ಮಾಡಿದರು. ಜನ ಚಪ್ಪಾಳೆ ತಟ್ಟಿ ಸಾಲು ನಿಂತರು.

ಅಷ್ಟರಲ್ಲಿ ಸೊಪ್ಪು ಮಾರುವ ಮುದುಕಿ ಒಳಗೆ ನುಗ್ಗಿ, ಸಾರಿನ ಪಾತ್ರೆಯನ್ನು ಎಳೆದು ನೆಲಕ್ಕೆ ಉರುಳಿಸಿದಳು.

ಕಾರ್ಯದರ್ಶಿ ಅವಳ ರಟ್ಟೆ ಹಿಡಿದರು. “ಇಷ್ಟು ದಿನ ಈ ಭವನದ ಹಿಂದಿರೋ ಖಾಲಿ ಸೈಟಿಗೆ ನುಗ್ಗಿ ಸೊಪ್ಪು ಕದೀತಿದ್ದೆ. ಬರಬೇಡ ಅಂದಿದ್ದಕ್ಕೆ ಹೀಗೆ ಹೊಟ್ಟೆಕಿಚ್ಚು ತೀರಿಸ್ಕೊಳ್ತೀಯಾ? ಅನ್ನದ ಬೆಲೆ ನಿನ್ನಂಥೋಳಿಗೆ ಏನು ಗೊತ್ತು?”

ಮುದುಕಿ ಅಡುಗೆ ಮಾಡಿದ ಹೆಂಗಸಿನ ಕಡೆ ತಿರುಗಿದಳು. “ಬೆಳಿಗ್ಗೆ ಆ ಸೈಟಲ್ಲಿ ಸೊಪ್ಪು ಕಿತ್ತಿದ್ದು ನೀವೇ ಅಂತೆ, ಹೌದಾ ತಾಯಿ?”

“ಹೌದು. ಪುಕ್ಕಟೆ ಸಿಗೋದನ್ನ ನಿನ್ನ ಹತ್ರ ಯಾಕೆ ಕೊಳ್ಳಬೇಕು?”

“ಇವಳ ಹತ್ರ ಏನು ಮಾತು. ಪೊಲೀಸಿಗೆ ಫೋನ್ ಮಾಡಿ,” ಎಂದರು ಕಾರ್ಯದರ್ಶಿ.

“ಮಾಡಿಸಿ ಸ್ವಾಮಿ. ಅದಕ್ಕೆ ಮುಂಚೆ, ನಾನು ಕೀಳಬಾರ್ದು ಅಂತ ನೆನ್ನೆ ಸಂಜೆ ಆ ಸೊಪ್ಪಿನ ಮೇಲೆ ಏನು ವಿಷ ಹೊಡೆಸಿದ್ರಿ ಅಂತ ಇವರಿಗೆಲ್ಲ ಹೇಳಿ.”

ಕಾರ್ಯದರ್ಶಿ ಅವಳ ರಟ್ಟೆ ಬಿಟ್ಟು, ತಮ್ಮ ಇನ್ನೊಂದು ಕೈಯಲ್ಲಿದ್ದ ಖಾಲಿ ಬಟ್ಟಲನ್ನು ನೋಡಿದರು.