ಹತ್ತಿರದ ಕೋಣಕ್ಕೆ ಮೂರು

ಬಂಟ್ವಾಳದ ಕೋಯ ಒಂದೇ ಗುಂಡಿಗೆ ಮೂರು ಕಾಡುಕೋಣ ಕೆಡವಿದವನು. ನಾಲ್ಕನೆಯದು ನಾಚಿಕೆಯಿಂದ ತಾನಾಗಿಯೇ ಬಿದ್ದು ಸತ್ತಿತ್ತು.

ದಮ್ಮಾಮಿನ ಬೇಟೆ ಸಾಮಾನಿನ ಅಂಗಡಿಯಲ್ಲಿ, ಗಾಜಿನ ಕೌಂಟರಿನ ಹಿಂದೆ ನಿಂತು, ಅವನು ಇದನ್ನು ಕಣ್ಣು ಮಿಟುಕಿಸದೆ ಹೇಳಿದ. ಎದುರಿಗಿದ್ದ ಗಿರಾಕಿ ನಗಲಿಲ್ಲ. ಕೋಯನಿಗೆ ಹೆದರಿಕೆ ಶುರುವಾದದ್ದೇ ಆಗ. ನಾಲ್ಕು ವರ್ಷದಲ್ಲಿ ಈ ಕಥೆಗೆ ನಗದವರು ಇವರೊಬ್ಬರೇ.

"ಕೋಣ ಎಷ್ಟು ಹತ್ತಿರ ಇತ್ತು?" ಗಿರಾಕಿ ಕೇಳಿದರು.

"ಅದು ಉಸಿರು ಬಿಟ್ಟದ್ದಕ್ಕೆ ನನ್ನ ಟೊಪ್ಪಿ ಹಾರಿಹೋಯಿತು ಸರ್."

"ಮತ್ತೆ ನೀವು ಓಡಲಿಲ್ಲ?"

"ಓಡುವುದು ಎಂತಕ್ಕೆ? ಟೊಪ್ಪಿ ಹೆಕ್ಕಬೇಕಲ್ಲ."

ಗಿರಾಕಿ ನಿಧಾನವಾಗಿ ತಲೆದೂಗಿದರು. ಹೆಸರು ಉಗ್ಗಪ್ಪ. ದಹ್ರಾನಿನ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ಸೌದಿ ಮ್ಯಾನೇಜರ್ ಕಾಡುಕೋಣದ ಬೇಟೆಗೆ ಟಾಂಜಾನಿಯಾಕ್ಕೆ ಹೊರಟಿದ್ದರು. ಕೋವಿ ಇತ್ತು, ಅದರ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು, ಸ್ಕೋಪ್, ಇರಲಿಲ್ಲ. ಅಗ್ಗದ್ದೂ ಬೇಡ, ಆಸ್ತಿ ಮಾರುವಂಥದ್ದೂ ಬೇಡ, ನಡುವಿನದೊಂದು ಆರಿಸಿ ತಾ ಎಂದು ಉಗ್ಗಪ್ಪನವರನ್ನು ಕಳಿಸಿದ್ದರು.

"ಊರು ಎಲ್ಲಿ ಸರ್?" ಎಂದು ಕೋಯ ವಿಚಾರಿಸಿದ.

"ಕೊಡಗು."

ಕೊಡಗಿನಲ್ಲಿ ಮಗು ತೊಟ್ಟಿಲಿಂದ ಇಳಿಯುವಾಗಲೇ ಕೋವಿ ಹಿಡಿದಿರುತ್ತದೆ ಎಂದು ಕೋಯ ಕೇಳಿದ್ದ. ಕೇಳಿದ್ದನ್ನು ಎರಡು ಪಟ್ಟು ಮಾಡಿ ರೂಮಿನವರಿಗೆಲ್ಲ ಹೇಳಿಯೂ ಇದ್ದ. ಅಂಥ ಊರಿನವರ ಎದುರೇ ಮೂರು ಕೋಣ ಕೆಡವಿಬಿಟ್ಟಿದ್ದಾಯಿತು. ಇನ್ನು ಎಬ್ಬಿಸಿ ಕಳಿಸುವ ಹಾಗಿಲ್ಲ.

ಹಿಂದೆ ಗಾಜಿನ ಕ್ಯಾಬಿನ್ನಿನಲ್ಲಿ ಮಾಲೀಕ ಕಮಾಲುದ್ದೀನ್ ಕೂತಿದ್ದರು. ಭಟ್ಕಳದವರು. ಅವರ ಮೇಜಿನ ಮೇಲೆ ಕೋಯನ ರಜೆಯ ಅರ್ಜಿ, ಅದರ ಮೇಲೆ ಮುಚ್ಚಿದ ಪೆನ್ನು. ಮಗಳು ಆಯಿಶತ್ ಹುಟ್ಟಿ ಹತ್ತು ತಿಂಗಳಾಗಿತ್ತು. ಕೋಯ ಅವಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಅವಳು ಫೋನನ್ನೇ ನೆಕ್ಕುವವಳಾದ್ದರಿಂದ ಈವರೆಗೆ ಸರಿಯಾಗಿ ಕಂಡದ್ದು ನಾಲಗೆಯೊಂದೇ.

ಎರಡು ವರ್ಷದಿಂದ ಕಪಾಟಿನಲ್ಲೇ ಕೂತಿದ್ದ ಸ್ಕೋಪೊಂದನ್ನು ಬೆಳಗ್ಗೆ ತೋರಿಸಿ ಕಮಾಲುದ್ದೀನ್ ಹೇಳಿದ್ದರು. "ನಿನ್ನ ಸ್ಕೋಪು ಸ್ವಲ್ಪ ಕಡಿಮೆ ಮಾಡಿ ಅಂಗಡಿಯ ಸ್ಕೋಪು ಮಾರು. ಇದು ಹೋದರೆ ನೀನೂ ಹೋಗು."

ಕೋಯ ಕೌಂಟರಿನ ಮೇಲೆ ಮೂರು ಸ್ಕೋಪ್ ಸಾಲಾಗಿ ಇಟ್ಟ, ಕಪಾಟಿನಲ್ಲಿ ಕೂತಿದ್ದದ್ದನ್ನು ನಡುವೆ.

"ಈ ಅಗ್ಗದ್ದು ಪಾರಿವಾಳದ ಕೋವಿಗೆ ಆದೀತು. ದೊಡ್ಡ ಕೋವಿ ಒಮ್ಮೆ ಒದ್ದರೆ ಇದರ ಒಳಗಿನ ಗಾಜು ಜಾಗ ಬಿಡುತ್ತದೆ. ಆ ಜರ್ಮನಿಯದ್ದು ತೆಗೆದುಕೊಂಡರೆ ಕೋಣ ಕಾಯುವುದು ಬಿಟ್ಟು ಸ್ಕೋಪನ್ನೇ ಕಾಯಬೇಕು. ನಡುವಿನದು ನೋಡಿ. ಮೂರು ಪಟ್ಟು ದೊಡ್ಡದಾಗಿ ಕಾಣುವುದರಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಬಹುದು. ಹತ್ತಿರದ ಕೋಣಕ್ಕೆ ಮೂರು, ದೂರದ್ದಕ್ಕೆ ಒಂಬತ್ತು."

"ಹತ್ತಿರದ್ದಕ್ಕೂ ಒಂಬತ್ತೇ ಇಟ್ಟರೆ?"

"ಮೂಗಿನ ಹೊಳ್ಳೆ ಮಾತ್ರ ಕಾಣುತ್ತದೆ ಸರ್. ಯಾವ ಕೋಣದ್ದು ಎಂದೂ ತಿಳಿಯುವುದಿಲ್ಲ."

ಉಗ್ಗಪ್ಪ ಸ್ಕೋಪನ್ನು ಎತ್ತಿ, ಅಗಲ ಬಾಯಿಯ ಕಡೆಯಿಂದ ಕಣ್ಣಿಗಿಟ್ಟು, ಕ್ಯಾಬಿನ್ನಿನತ್ತ ನೋಡಿದರು. "ನಿಮ್ಮ ಸಾಹೇಬರು ಬಹಳ ದೂರ ಇದ್ದಾರೆ."

ಬೇಕೆಂದೇ ತಲೆಕೆಳಗು ಹಿಡಿದಿದ್ದಾರೆ, ನಾನು ತಿದ್ದುತ್ತೇನೋ ಎಂದು ನೋಡಲು. ಕೋಯನಿಗೆ ಅನುಮಾನವೇ ಉಳಿಯಲಿಲ್ಲ. "ಈ ಕಡೆಯಿಂದಲೂ ಒಮ್ಮೆ ನೋಡಿ ಸರ್," ಎಂದು ಮೆಲ್ಲನೆ ತಿರುಗಿಸಿ ಕೊಟ್ಟ. "ಕಣ್ಣು ನಾಲ್ಕು ಬೆರಳು ಹಿಂದೆ ಇರಲಿ. ಹತ್ತಿರ ಇಟ್ಟರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ನಿಮಗೆ ನಾನು ಹೇಳುವುದಲ್ಲ."

"ಇಲ್ಲ, ಹೇಳಿ," ಎಂದರು ಉಗ್ಗಪ್ಪ. "ಕೋಣ ಮೈಮೇಲೆ ಬರುವಾಗ ನಿಮ್ಮ ಕೈ ನಡುಗಲಿಲ್ಲವಾ?"

"ನಡುಗಿದ್ದು ನೆಲ ಸರ್. ನಾನು ಕಾಲಿನಿಂದ ಒತ್ತಿ ಹಿಡಿದೆ."

ಉಗ್ಗಪ್ಪನವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಸ್ಕೋಪನ್ನು ಕೆಳಗಿಟ್ಟು ಹತ್ತಿರ ಬಾಗಿದರು.

"ಮ್ಯಾನೇಜರ್ ಹೊರಗೆ ಕಾರಲ್ಲಿದ್ದಾರೆ. ಕೋಣ ತಿರುಗಿ ನುಗ್ಗಿದರೆ ಪಕ್ಕದಲ್ಲಿ ಎರಡನೇ ಕೋವಿ ಹಿಡಿದು ನಿಲ್ಲಲು ಒಬ್ಬ ಬೇಕು. ಆ ಜಾಗಕ್ಕೆ ಟಿಕೆಟ್ ಆಗಿದೆ, ಹೆಸರು ಬದಲಿಸಬಹುದು. ನಿಮ್ಮದು ಕೊಡುತ್ತೇನೆ. ನಿಮ್ಮ ರಜೆಗೆ ಸಾಹೇಬರ ಹತ್ತಿರ ನಾನೇ ಮಾತಾಡುತ್ತೇನೆ."

ಕಮಾಲುದ್ದೀನ್ ಎರಡು ವರ್ಷಕ್ಕೊಮ್ಮೆ ಮಾತ್ರ ರಜೆ ಕೊಡುವವರು. ಅದು ಟಾಂಜಾನಿಯಾದಲ್ಲಿ ಮುಗಿದರೆ ಆಯಿಶತ್ ಫೋನು ನೆಕ್ಕುವುದು ಬಿಟ್ಟು ಫೋನಿನಲ್ಲಿ ಜಗಳ ಮಾಡುವಷ್ಟು ದೊಡ್ಡವಳಾಗುತ್ತಾಳೆ. ಅದೂ ಕೋಣ ಇವನನ್ನು ಉಳಿಸಿದರೆ.

"ನಾನು ಹೋಗಿ ಅವರನ್ನು ಕರೆದುಕೊಂಡು ಬರುತ್ತೇನೆ," ಎಂದು ಉಗ್ಗಪ್ಪ ಬಾಗಿಲ ಕಡೆ ತಿರುಗಿದರು.

"ಬೇಡ ಸರ್." ಕೋಯ ಅವರ ತೋಳು ಹಿಡಿದ. "ನಾನು ಹುಟ್ಟಿದ ಮೇಲೆ ಕೋವಿ ಮುಟ್ಟಿದವನಲ್ಲ. ಕೋಣ ನೋಡಿದ್ದು ಕ್ಯಾಲೆಂಡರಿನಲ್ಲಿ. ನಾಲ್ಕು ಬೆರಳು, ಹುಬ್ಬು, ಎಲ್ಲ ಡಬ್ಬಿಯೊಳಗಿನ ಕಾಗದ ಓದಿ ಹೇಳಿದ್ದು. ನೀವು ಕೊಡಗಿನವರು, ನನ್ನ ಸುಳ್ಳು ಮೊದಲೇ ಹಿಡಿದಿದ್ದೀರಿ ಅಂತ ಗೊತ್ತು. ಸಾಹೇಬರಿಗೆ ಹೇಳಬೇಡಿ. ನನಗೆ ಮಗಳನ್ನು ನೋಡಬೇಕು."

ಉಗ್ಗಪ್ಪ ಬಯ್ಯಲಿಲ್ಲ. ಪಕ್ಕದಲ್ಲಿದ್ದ ಒಂಟೆಯ ಜೀನಿನ ಮೇಲೆ ಕುಸಿದು ಕೂತರು. "ಆ ನಡುವಿನದನ್ನೇ ಕಟ್ಟು," ಎಂದರು. "ಅದು ಹೇಗೂ ಬೇಕು."

ಕೋಯ ಡಬ್ಬಿ ಕಟ್ಟತೊಡಗಿದ್ದು ಕಂಡು ಕ್ಯಾಬಿನ್ನಿನೊಳಗೆ ಕಮಾಲುದ್ದೀನ್ ಪೆನ್ನಿನ ಮುಚ್ಚಳ ತೆಗೆದರು. ಕೋಯನಿಗೆ ಹೋದ ಜೀವ ಬಂತು. "ಎರಡನೇ ಕೋವಿಗೆ ಜನ ಯಾಕೆ ಸರ್? ನೀವೇ ಒಬ್ಬರು ಸಾಕಲ್ಲ ಅಲ್ಲಿಗೆ."

"ಟಿಕೆಟ್ ಇರುವುದು ನನ್ನ ಹೆಸರಿನಲ್ಲೇ ಮಾರಾಯ," ಎಂದರು ಉಗ್ಗಪ್ಪ. "ಕೊಡಗಿನವನು ಅಂದ ಕೂಡಲೇ ಮ್ಯಾನೇಜರ್ ಕಣ್ಣರಳಿಸಿದರು, ನಾನೂ ಬಾಯಿಗೆ ಬಂದಷ್ಟು ಹುಲಿ ಹೊಡೆದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಯ ಕೋವಿಗೆ ಹೂ ಸಿಕ್ಕಿಸುವುದಲ್ಲದೆ ನನಗೆ ಬೇರೇನೂ ಬರುವುದಿಲ್ಲ."