ಗದ್ದದ ಮಟ್ಟ

ಚಿನ್ನದ ಗಣಿಯ ಪುಡಿಮಣ್ಣು ಸುರಿದೆದ್ದ ಸೈನೈಡ್ ದಿಬ್ಬದ ಇಳಿಜಾರಿನಲ್ಲಿ ಕೂತು ಕೋದಂಡ ಎರಡನೇ ಹಲಗೆಯನ್ನೂ ಕೊಯ್ದು ಮುಗಿಸಿದ. ಅಪ್ಪನ ಮಂಚದಿಂದ ಬಿಚ್ಚಿ ತಂದ ಪಟ್ಟಿಗಳು. ಕಾಲಿಗೆ ಕಟ್ಟಿಕೊಂಡು ಜಾರಿದರೆ ಉದ್ದ ಹೆಚ್ಚಾಗಿ, ಉಬ್ಬು ಹಾರುವಾಗಲೆಲ್ಲ ಮೂತಿ ಮಣ್ಣಿಗೆ ನಾಟಿ ಬೀಳಿಸುತ್ತಿದ್ದವು. ಅದಕ್ಕೇ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿಕೊಂಡು, ಗದ್ದದ ಮಟ್ಟಕ್ಕೆ ಗುರುತು ಹಾಕಿ ಕೊಯ್ದಿದ್ದ. ಜೋಡಿಸಿ ನೋಡಿದರೆ ಒಂದು ಇನ್ನೊಂದಕ್ಕಿಂತ ಗೇಣುದ್ದ ಗಿಡ್ಡ!

“ದಿಬ್ಬದ ಮ್ಯಾಲೆ ಅಡ್ಡ ನಿಂತ್ಕೊಂಡು ಅಳೆದ್ರೆ ಇನ್ನೇನಾಯ್ತದಣ್ಣಾ? ಮ್ಯಾಲ್ಗಡೆ ನಿಲ್ಸಿದ್ದು ಗಿಡ್ಡ ಆಗೋಯ್ತು,” ಎಂದಳು ತಂಗಿ ಅಮ್ಮಾಜಿ.

“ಬಾಯ್ ಮುಚ್ಕೊಂಡು ಓಗೇ!” ಕೋದಂಡ ಗರಗಸ ಬೀಸಿ ಎಸೆದ.

ಅಮ್ಮಾಜಿ ಗಿಡ್ಡ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಜಾರಿಯೇಬಿಟ್ಟಳು. ಉಬ್ಬು ಹಾರಿ, ನೆಟ್ಟಗೆ ಇಳಿದು, ಕೆಳಗಿನಿಂದ ಕೂಗಿದಳು: “ಅಣ್ಣಾ, ಇದೇ ಸರಿ! ಅದನ್ನೂ ಇಷ್ಟಕ್ಕೇ ಕೊಯ್ಯಿ!”

ಕೋದಂಡ ಗರಗಸಕ್ಕೆ ತಡಕಾಡಿದ. ಅದು ಜಾರಿಕೊಂಡು ಹೋಗಿ ಅವಳ ಕಾಲಬುಡದಲ್ಲಿ ಬಿದ್ದಿತ್ತು.